ಜುಟ್ಟಿನ ಮಲ್ಲಿಗೆಗೂ ಲೆಕ್ಕ ಕೇಳುವವರು

ಮೊನ್ನೆ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ದಪ್ಪ ನೋಟ್‌ಬುಕ್ ತೆರೆದುಕೊಂಡಿದ್ದ. ಇಣುಕಿದೆ. ಒಳಗೆಲ್ಲ ಸರ್ಕಾರಿ ಬಸ್ಸುಗಳು! ಕಂಡ ಬಸ್ಸಿನ ನಂಬರು, ಅದು ಯಾವ ವಿಭಾಗದ್ದು, ಯಾವ ಡಿಪೋದ್ದು, ಎಲ್ಲಿಂದ ಎಲ್ಲಿಗೆ ಹೊರಟಿತ್ತು, ಕಂಡ ದಿನ ಯಾವುದು, ಎಲ್ಲ ಮುದ್ದಾದ ಅಕ್ಷರದಲ್ಲಿ. ನಡುನಡುವೆ ಬಣ್ಣದ ಪೆನ್ಸಿಲಿನಲ್ಲಿ ಬರೆದ ಬಸ್ಸಿನ ಮೂತಿಗಳು. ಹುಬ್ಬಳ್ಳಿಯ ವಾಯವ್ಯ ಸಾರಿಗೆಯ ಬಸ್ಸನ್ನೂ ಕಲಬುರಗಿ ಕಡೆಯ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸನ್ನೂ ದೂರದಿಂದಲೇ ಗುರುತಿಸುವುದು ಹೇಗೆ ಎಂದು ಅವನು ನನಗೆ ಹೇಳಿಕೊಡುತ್ತಿದ್ದಾಗ ಅವನ ಸೋದರಮಾವ ಬಂದರು. ಪುಸ್ತಕ ಕಿತ್ತುಕೊಂಡು ನಾಲ್ಕು ಹಾಳೆ ಮಗುಚಿ ಕೇಳಿದರು: "ಅಲ್ಲ ಕಣೋ ಮರಿ, ಇದ್ರಿಂದ ಏನು ಬರುತ್ತೆ?"

ಹುಡುಗ ಉತ್ತರಿಸಲಿಲ್ಲ. ಅಪ್ಪ ತಪ್ಪೊಪ್ಪಿಕೊಳ್ಳುವವರಂತೆ ನಕ್ಕು, "ಮುಂದಿನ ವರ್ಷ ಟೆಂತು ಭಾವ, ಆಗ ಎಲ್ಲಾ ಬಿಡಿಸ್ಬಿಡ್ತೀವಿ" ಅಂದರು. ಬೀಡಿ ಬಿಡಿಸುವವರ ದನಿ ಅದು. ಹುಡುಗ ನೋಟ್‌ಬುಕ್ ಮುಚ್ಚಿ ತೊಡೆಯ ಕೆಳಗಿಟ್ಟುಕೊಂಡ.

"ಇದ್ರಿಂದ ಏನು ಬರುತ್ತೆ?" ಈ ಪ್ರಶ್ನೆಯನ್ನು ನಾವು ವಿವೇಕ ಎಂದು ತಿಳಿದಿದ್ದೇವೆ. ಹಕ್ಕಿ ನೋಡುವವನನ್ನು ಕೇಳುತ್ತೇವೆ, ಅಂಚೆಚೀಟಿ ಕೂಡಿಸುವವನನ್ನು ಕೇಳುತ್ತೇವೆ, ಐವತ್ತರಲ್ಲಿ ಕೊಳಲು ಹಿಡಿದವನನ್ನಂತೂ ನಕ್ಕು ಕೇಳುತ್ತೇವೆ. ಅವರಲ್ಲಿ ಯಾರಾದರೂ ತಿರುಗಿ "ನಿಮ್ಮ ಪ್ರಶ್ನೆಯಿಂದ ಏನು ಬಂತು ಸ್ವಾಮಿ?" ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹಾಗಾಗಿ ಆ ಕೆಲಸ ಇವತ್ತು ನನ್ನದು.

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ" ಎಂಬ ಗಾದೆ ಈ ಪ್ರಶ್ನೆಯ ಅಜ್ಜ. ಹಿಟ್ಟಿಲ್ಲದ ಕಾಲದಲ್ಲಿ ಹುಟ್ಟಿದ ಮಾತು, ಅದಕ್ಕೆ ಆ ಕಾಲದ ನ್ಯಾಯವಿತ್ತು. ಆದರೆ ಗಾದೆ ಹೇಳುವ ಮನೆಗಳಿಗೆ ಹಿಟ್ಟು ಬಂದು ಎಷ್ಟು ಕಾಲವಾಯಿತು! ಸೈಟು ಬಂತು, ಸೈಟಿನ ಮೇಲೆ ಮೂರು ಮಹಡಿ ಎದ್ದಿತು, ಕೆಳಗೆ ಕಾರು ನಿಂತಿತು. ಮಲ್ಲಿಗೆ ಮಾತ್ರ ಬರಲಿಲ್ಲ. ಎಷ್ಟು ಮೂಟೆ ಹಿಟ್ಟು ತುಂಬಿದ ಮೇಲೆ ಒಂದು ಮೊಳ ಹೂ ಮುಡಿಯಬಹುದು ಎಂದು ಯಾವ ಹಿರಿಯರೂ ಹೇಳಿಲ್ಲ. ಹೇಳುವುದೂ ಇಲ್ಲ, ಏಕೆಂದರೆ ಈಗ ಗಾದೆಯನ್ನು ಕಾಯುತ್ತಿರುವುದು ಬಡತನವಲ್ಲ, ಹೂ ಮುಡಿದವರನ್ನು ಕಂಡರಾಗದ ಹೊಟ್ಟೆಯುರಿ.

ಮೊದಲು ಶಾಲೆಯ ಕಡೆ ನೋಡೋಣ. ಒಂದು ಹವ್ಯಾಸಕ್ಕೆ ನಾವು ಕೊಟ್ಟಿರುವ ಆಯುಸ್ಸು ಒಂಬತ್ತನೇ ಕ್ಲಾಸಿನವರೆಗೆ. ಸಂಗೀತದ ಪಾಠಕ್ಕೆ, ಚಿತ್ರದ ಕ್ಲಾಸಿಗೆ, ಕಬಡ್ಡಿಗೆ, ಈಜಿಗೆ ಒಟ್ಟಿಗೆ ಮರಣಶಾಸನ ಬರೆಯುವ ತಿಂಗಳೊಂದಿದೆ. ಮಗು ಹತ್ತನೇ ಕ್ಲಾಸಿಗೆ ಕಾಲಿಡುವ ಬೇಸಿಗೆ ಅದು. ಅದಕ್ಕೂ ಮೊದಲು ಶಾಲೆಯೇ ಅರ್ಧ ಕೆಲಸ ಮುಗಿಸಿರುತ್ತದೆ. ಪೋರ್ಷನ್ ಮುಗಿದಿಲ್ಲವೆಂದು ಗಣಿತದ ಮೇಷ್ಟ್ರು ಪಿ.ಟಿ. ಪಿರಿಯಡ್ ನುಂಗುತ್ತಾರೆ, ವಿಜ್ಞಾನದ ಮೇಡಂ ಡ್ರಾಯಿಂಗ್ ಪಿರಿಯಡ್ ನುಂಗುತ್ತಾರೆ. ಗಣಿತದ ಪಿರಿಯಡ್ಡನ್ನು ಪಿ.ಟಿ. ಮೇಷ್ಟ್ರು ಕೇಳಿ ಪಡೆದ ಸುದ್ದಿಯನ್ನು ನೀವು ಎಂದಾದರೂ ಕೇಳಿದ್ದೀರಾ? ಟಿ. ಪಿ. ಕೈಲಾಸಂ 'ಟೊಳ್ಳುಗಟ್ಟಿ' ನಾಟಕದಲ್ಲಿ ಪರೀಕ್ಷೆಗಾಗಿಯೇ ಬದುಕುವ ಹುಡುಗನನ್ನೂ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹೃದಯವಂತ ಹುಡುಗನನ್ನೂ ಎದುರುಬದುರು ನಿಲ್ಲಿಸಿ, ಯಾರು ಟೊಳ್ಳು, ಯಾರು ಗಟ್ಟಿ ಎಂದು ಕೇಳಿ ಸುಮಾರು ನೂರು ವರ್ಷವಾಯಿತು. ನಾಟಕ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮನೆಗೆ ಬಂದು ಮಗನನ್ನು ಟ್ಯೂಷನ್ನಿಗೆ ಕಳಿಸಿದೆವು.

"ನಾವು ಹಾಗಲ್ಲಪ್ಪ, ನಮ್ಮ ಮಗಳು ನಾಲ್ಕು ಕ್ಲಾಸಿಗೆ ಹೋಗ್ತಾಳೆ" ಎನ್ನುವವರು ಎದ್ದು ನಿಲ್ಲುತ್ತಾರೆ. ಇವರು ಹವ್ಯಾಸವನ್ನು ಕೊಲ್ಲುವವರಲ್ಲ, ಸಾಕಿ ಕೊಯ್ಯುವವರು. ಸೋಮವಾರ ಭರತನಾಟ್ಯ, ಮಂಗಳವಾರ ಕೀಬೋರ್ಡು, ಬುಧವಾರ ಚೆಸ್ಸು, ಗುರುವಾರ ಅಬ್ಯಾಕಸ್. ಹಾಡಲು ಕಲಿತ ಮಗುವಿಗೆ ಮುಂದೇನು? ಜೂನಿಯರ್. ಜೂನಿಯರ್ ಆದಮೇಲೆ? ಸೀನಿಯರ್. ನಡುವೆ ಪ್ರತಿಭಾ ಕಾರಂಜಿ, ಶೀಲ್ಡು, ಅತಿಥಿಗಳ ಜೊತೆ ಫೋಟೊ. ಸ್ನಾನದ ಮನೆಯಲ್ಲಿ ಆ ಮಗು ತನ್ನಷ್ಟಕ್ಕೆ ಹಾಡಿಕೊಳ್ಳುತ್ತದೆಯೇ ಎಂದು ಕೇಳಿ ನೋಡಿ. ಅಮ್ಮ ಗೋಡೆಯ ಮೇಲಿನ ಸರ್ಟಿಫಿಕೇಟ್ ತೋರಿಸುತ್ತಾರೆ. ನಾನು ಪರೀಕ್ಷೆಗಳನ್ನು ಜರೆಯುತ್ತಿಲ್ಲ. ವಿದ್ವಾಂಸರಾಗುವವರಿಗೆ ಆ ಮೆಟ್ಟಿಲು ಬೇಕು. ಆದರೆ ಸುಮ್ಮನೆ ಹಾಡಲು ಬಂದ ಮಗುವನ್ನೂ ಅದೇ ಮೆಟ್ಟಿಲಿಗೆ ಹತ್ತಿಸಿ, ಒಂದು ಮೆಟ್ಟಿಲು ಜಾರಿದೊಡನೆ "ಇವಳಿಗೆ ಸಂಗೀತ ಬರಲ್ಲ" ಎಂದು ಷರಾ ಬರೆಯುವುದು ಯಾವ ನ್ಯಾಯ? ಒಂದು ಶಾಲೆಯ ಭಾರ ಸಾಲದೆಂದು ಸಂಜೆಗೆ ಇನ್ನೊಂದು ಶಾಲೆ ತೆರೆದು, ಅದಕ್ಕೆ ಹವ್ಯಾಸ ಎಂದು ಬೋರ್ಡು ತಗುಲಿಸಿದ್ದೇವೆ, ಅಷ್ಟೇ.

ಮೂರನೆಯ ಗುಂಪು ಎಲ್ಲರಿಗಿಂತ ಆಧುನಿಕ. ಇವರ ಪ್ರಶ್ನೆ "ಏನು ಬರುತ್ತೆ" ಅಲ್ಲ, "ಎಷ್ಟು ಬರುತ್ತೆ". ನೀವು ಮನೆಯಲ್ಲಿ ಒಳ್ಳೆಯ ಕೇಕ್ ಮಾಡಿದಿರೋ, ತಿಂದು ಮುಗಿಸುವ ಮೊದಲೇ ಸಲಹೆ ಬರುತ್ತದೆ: "ಆರ್ಡರ್ ತಗೋಬಹುದಲ್ಲ?" ಕುಂಡದಲ್ಲಿ ನಾಲ್ಕು ಗುಲಾಬಿ ಅರಳಿದರೆ "ಯೂಟ್ಯೂಬ್ ಚಾನೆಲ್ ಮಾಡಿ". ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಕೆಲಸದಿಂದ ಬಂದು ದಣಿವಾರಿಸಿಕೊಳ್ಳಲು ಕೇಕ್ ಮಾಡುತ್ತಿದ್ದಳು. ಎಲ್ಲರೂ ಹೊಗಳಿ ಹೊಗಳಿ ಅಂಗಡಿ ಹೂಡಿಸಿದರು. ಈಗ ರಾತ್ರಿ ಹನ್ನೊಂದಕ್ಕೆ ಯಾರದೋ ಮಗುವಿನ ಹೆಸರನ್ನು ಕ್ರೀಮಿನಲ್ಲಿ ಬರೆಯುತ್ತ, ತಪ್ಪಿದ ಅಕ್ಷರಕ್ಕೆ ಬೈಸಿಕೊಳ್ಳುತ್ತಾಳೆ. ದಣಿವಾರಿಸಿಕೊಳ್ಳಲು ಈಗ ಏನು ಮಾಡುತ್ತೀಯ ಎಂದು ಕೇಳಿದೆ. "ಫೋನ್ ನೋಡ್ತೀನಿ" ಅಂದಳು. ಹೊಟ್ಟೆಪಾಡಿಗೆ ಮಾಡುವವರನ್ನು ಯಾರೂ ಬೆರಳು ಮಾಡಿ ತೋರಿಸಬಾರದು. ಸಂಬಳ ಸಾಕಷ್ಟಿದ್ದವಳ ಏಕಮಾತ್ರ ಜಗಲಿಯನ್ನೂ ಅಂಗಡಿ ಮಾಡಿಸಿದ ಹಿತೈಷಿಗಳನ್ನು ಮಾತ್ರ ಕೇಳುತ್ತೇನೆ: ಮನುಷ್ಯರು ಕೂರುವುದಕ್ಕೆ ಒಂದು ಜಗಲಿಯೂ ಉಳಿಯಬಾರದೇ?

ಮರಾಠಿಯಲ್ಲೂ 'ಹವ್ಯಾಸ' ಎಂಬ ಮಾತಿದೆ. ಅಲ್ಲಿ ಅದರ ಅರ್ಥ ಅತಿಯಾಸೆ, ದುರಾಸೆ. ಅದೇ ಮಾತು ಕನ್ನಡದಲ್ಲಿ ಲಾಭದ ಆಸೆಯಿಲ್ಲದೆ ಮಾಡುವ ಕೆಲಸಕ್ಕೆ ಹೆಸರಾಯಿತು. ನಮ್ಮ ಭಾಷೆ ಒಂದು ಕೆಟ್ಟ ಗುಣವನ್ನು ತೊಳೆದು ಒಳ್ಳೆಯದು ಮಾಡಿತು ಎಂದು ನಾನು ಹೆಮ್ಮೆಪಡುತ್ತಿದ್ದೆ. ಈಗ ನೋಡಿದರೆ ನಾವೇ ಗಡಿಯಾಚೆಯ ಅರ್ಥವನ್ನು ಹೊತ್ತು ತರುತ್ತಿದ್ದೇವೆ.

ನಾಲ್ಕನೆಯವರು ಅತ್ಯಂತ ಸಭ್ಯರು, ಆದ್ದರಿಂದಲೇ ಅತ್ಯಂತ ಅಪಾಯಕಾರಿ. ಇವರಿಗೆ ಹವ್ಯಾಸ ಒಂದು ಟಾನಿಕ್ಕು. ಓದಿದರೆ ನೆನಪಿನ ಶಕ್ತಿ, ಹಾಡಿದರೆ ಉಸಿರಾಟ, ತೋಟ ಮಾಡಿದರೆ ರಕ್ತದೊತ್ತಡ. ಮನಸ್ಸಿಗೆ ಇಷ್ಟು ಚಮಚ, ದೇಹಕ್ಕೆ ಇಷ್ಟು, ಆತ್ಮಕ್ಕೆ ಮಲಗುವ ಮುಂಚೆ ಎರಡು ಹನಿ. ಕಂಪನಿಗಳಿಗೆ ಈ ವಾದ ಬಲು ಪ್ರಿಯ. ಶುಕ್ರವಾರ ಮಧ್ಯಾಹ್ನ ನೌಕರರಿಗೆ ಬಣ್ಣ, ಬ್ರಷ್ಷು ಹಂಚಿ "ಒತ್ತಡ ನಿವಾರಣೆ" ಮಾಡಿಸುತ್ತಾರೆ. ಯಾಕೆ? ಸೋಮವಾರ ಅದೇ ಒತ್ತಡ ಹೇರಲು ಜಾಗ ಖಾಲಿಯಾಗಲಿ ಎಂದು. ಹಾಡಿದರೆ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಹಗುರಾಗಲೆಂದೇ ಗಡಿಯಾರ ಇಟ್ಟುಕೊಂಡು ಹಾಡುವವನಿಗೆ ಆ ಹಗುರು ಸಿಗುವುದಿಲ್ಲ. ನಿದ್ದೆ ಬರಲೇಬೇಕೆಂದು ಕಣ್ಣು ಬಿಗಿದು ಮಲಗಿದವನ ಪಾಡೇ ಅವನದೂ.

ಒತ್ತಡ ತಂದವರೇ ಅದರ ಔಷಧಿಯನ್ನೂ ಮಾರುವ ಈ ಚಂದವನ್ನು ಲೆಕ್ಕ ಹಾಕಿಯೇ ನೋಡೋಣ. 2023ರಲ್ಲಿ ಇನ್ಫೊಸಿಸ್ ಸಂಸ್ಥಾಪಕ ಎನ್. ಆರ್. ನಾರಾಯಣಮೂರ್ತಿ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರಲ್ಲಿ ಕರ್ನಾಟಕದಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂತು, ನೌಕರರ ಸಂಘ ಎದ್ದು ವಿರೋಧಿಸಬೇಕಾಯಿತು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು. ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದು ಅವರು ಕೇಳಿದ್ದು ಊರಿಗೆಲ್ಲ ಗೊತ್ತು. ವಾರಕ್ಕೆ ಇರುವುದು 168 ಗಂಟೆ. 90 ಕಳೆಯಿರಿ, ದಿನಕ್ಕೆ 8ರಂತೆ ನಿದ್ದೆಯ 56 ಕಳೆಯಿರಿ. ಉಳಿಯುವುದು 22, ಅಂದರೆ ದಿನಕ್ಕೆ ಮೂರು ಗಂಟೆ ಚಿಲ್ಲರೆ. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ದಾಟುವುದರಲ್ಲೇ ಅದರ ಬಹುಪಾಲು ಮುಗಿಯುತ್ತದೆ. ಸ್ನಾನ, ಊಟ, ಮಗುವಿನ ಮುಖ? ಹೆಂಡತಿಯ ಮುಖ ನೋಡುವುದನ್ನು ಬಿಟ್ಟರೆ ಭಾನುವಾರಕ್ಕೆ ಬೇರೆ ಉಪಯೋಗವೇ ಇಲ್ಲ ಎಂದು ಇಷ್ಟು ದೊಡ್ಡ ಮನುಷ್ಯರಿಗೆ ಅನ್ನಿಸುತ್ತದಲ್ಲ, ಒಂದು ಹವ್ಯಾಸವೂ ಇಲ್ಲದ ಬದುಕು ಎಷ್ಟು ಬರಡು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಷ್ಟು ಹೊತ್ತಿಗೆ ಒಬ್ಬರಾದರೂ ಗೊಣಗಿರುತ್ತಾರೆ: "ಇವೆಲ್ಲ ಉಳ್ಳವರ ಶೋಕಿ." ಬನ್ನಿ, ಮಂಡ್ಯದ ಕಡೆ ಹೋಗೋಣ. ಮಂಡ್ಯ, ತುಮಕೂರು, ಹಾಸನದ ಹಳ್ಳಿಗಳಲ್ಲಿ ಇವತ್ತಿಗೂ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ಆಡುವವರು ಯಾರು? ಕಬ್ಬು ಬೆಳೆಯುವವರು, ಡೇರಿ ಕಾರ್ಯದರ್ಶಿ, ಬಸ್ ಕಂಡಕ್ಟರು, ಪಂಚಾಯ್ತಿ ಬಿಲ್ ಕಲೆಕ್ಟರು. ತಿಂಗಳುಗಟ್ಟಲೆ ಸಂಜೆ ಗುಡಿಯ ಮುಂದೆಯೋ ಶಾಲೆಯ ಹಜಾರದಲ್ಲೋ ಹಾರ್ಮೋನಿಯಂ ಮೇಷ್ಟ್ರ ಎದುರು ಕೂತು ಕಂದ, ಮಟ್ಟು ಕಲಿಯುತ್ತಾರೆ. ಓದಲು ಬಾರದವನಿಗೆ ಓದು ಬಂದವನು ಮಾತು ಹೇಳಿಕೊಡುತ್ತಾನೆ. ಪಾರ್ಟು ಹಾಕಿದ್ದಕ್ಕೆ ಇವರಿಗೆ ಸಿಗುವುದು ಎಷ್ಟು? ಸಿಗುವುದಿಲ್ಲ ಸ್ವಾಮಿ, ಇವರೇ ಕೊಡುತ್ತಾರೆ! ಮೇಷ್ಟ್ರಿಗೆ, ಸೀನರಿಗೆ, ಮೈಕಿಗೆ ಎಂದು ದೊಡ್ಡ ಪಾರ್ಟಿಗೆ ಹೆಚ್ಚು, ಸಣ್ಣ ಪಾರ್ಟಿಗೆ ಕಡಿಮೆ, ಸ್ವಂತ ಜೇಬಿನಿಂದ. ಹಗಲು ಟಿಕೆಟ್ ಹರಿದು ಚಿಲ್ಲರೆಗಾಗಿ ಬೈಸಿಕೊಂಡ ಕಂಡಕ್ಟರು ರಾತ್ರಿ ಕಿರೀಟ ಹೊತ್ತು, ಗದೆ ಹಿಡಿದು, ಬೆಳಗಿನ ಜಾವದವರೆಗೆ ಹಸ್ತಿನಾವತಿಯನ್ನು ಆಳುತ್ತಾನೆ. ಶ್ರುತಿ ತಪ್ಪುತ್ತದೆ, ಮಾತು ಮರೆಯುತ್ತದೆ, ಮೀಸೆ ಕಳಚುತ್ತದೆ. ಆದರೂ ಊರು "ಒನ್ಸ್ ಮೋರ್" ಎನ್ನುತ್ತದೆ. ಇವನನ್ನು ನಿಲ್ಲಿಸಿ "ಇದ್ರಿಂದ ಏನು ಬರುತ್ತೆ?" ಎಂದು ಕೇಳುವ ಧೈರ್ಯ ಯಾರಿಗಿದೆ? ಆ ಹೊತ್ತಿನಲ್ಲಿ ಅವನು ದುರ್ಯೋಧನ, ಕೈಯಲ್ಲಿ ಗದೆ ಬೇರೆ ಇದೆ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ತಾಳಮದ್ದಲೆಗೆ ಕೂರುವ ವಕೀಲರು, ಮೇಷ್ಟ್ರುಗಳು, ಅಡಿಕೆ ಬೆಳೆಗಾರರು ಇದೇ ಕುಲದವರು. ವೇಷವಿಲ್ಲ, ರಂಗವಿಲ್ಲ, ಮಾತೊಂದೇ. ಹಗಲಿನ ದುಡಿಮೆ ಮುಗಿಸಿ ಬಂದು ಕರ್ಣನ ಪರವಾಗಿ ರಾತ್ರಿಯಿಡೀ ವಾದಿಸುತ್ತಾರೆ. 1949ರಲ್ಲಿ ಹೆಗ್ಗೋಡಿನ ಅಡಿಕೆ ತೋಟದ ಹುಡುಗರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದ್ದೂ ಇದೇ ಹುಚ್ಚಿನಿಂದ. ಬಡವರಿಗೆ ಹವ್ಯಾಸವಿಲ್ಲ ಎನ್ನುವವರು ಬಡವರನ್ನು ಹೊಲದಲ್ಲಿ, ಕೂಲಿಯಲ್ಲಿ ಮಾತ್ರ ನೋಡಿದ್ದಾರೆ. ಹುಣ್ಣಿಮೆಯ ಭಜನೆಯಲ್ಲಿ, ಡೊಳ್ಳಿನ ಮುಂದೆ, ಗರಡಿಮನೆಯ ಕೆಮ್ಮಣ್ಣಿನಲ್ಲಿ ನೋಡಿಲ್ಲ.

ಹಾಗೆಂದು ಮಂಡ್ಯದ ಆ ರಂಗದ ಮುಂದೆ ನಾನು ಕೈಮುಗಿದು ಸುಮ್ಮನಾಗುವವನಲ್ಲ. ಅಲ್ಲಿ ದ್ರೌಪದಿಯ ಪಾರ್ಟಿಗೆ ಹೊರಗಿನಿಂದ ದುಡ್ಡು ಕೊಟ್ಟು ಕಲಾವಿದೆಯನ್ನು ಕರೆಸುತ್ತಾರೆ. ಊರಿನ ಹೆಣ್ಣುಮಕ್ಕಳು ಚಾಪೆ ಹಾಸಿಕೊಂಡು ಕೆಳಗೆ ಕೂತಿರುತ್ತಾರೆ, ಮಡಿಲಲ್ಲಿ ಮಲಗಿದ ಮಗುವಿನ ಸಮೇತ. ಹೆಣ್ಣಿಗೆ ಹವ್ಯಾಸವೆಂದರೆ ಮನೆಗೆಲಸದ ಇನ್ನೊಂದು ಹೆಸರು. ಅವಳ ರಂಗೋಲಿ ಮನೆಯ ಶುಭಕ್ಕೆ, ಕೌದಿ ಮನೆಯವರ ಚಳಿಗೆ, ಹಪ್ಪಳ ಮನೆಯವರ ಬಾಯಿಗೆ. ಯಾರಿಗೂ ಬೇಡದ, ತನಗೆ ಮಾತ್ರ ಬೇಕಾದ ಒಂದು ಕೆಲಸವನ್ನು ಅವಳು ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾಡಿದರೆ ಮನೆ ತಡೆದೀತೇ? ನಿವೃತ್ತರಾದ ಯಜಮಾನರು ವಾಕಿಂಗು, ಕ್ಲಬ್ಬು, ಇಸ್ಪೀಟು ಎಂದು ಹೊರಡುತ್ತಾರೆ. ಅದೇ ವಯಸ್ಸಿನ ಯಜಮಾನಿತಿಗೆ ಮೊಮ್ಮಗುವಿನ ಡ್ಯೂಟಿ ಬರುತ್ತದೆ. "ಅವಳಿಗೆ ಅದೇ ಖುಷಿ" ಎಂದು ನಾವೇ ಸರ್ಟಿಫಿಕೇಟ್ ಬರೆದುಕೊಡುತ್ತೇವೆ. ಅವಳನ್ನು ಕೇಳಿದವರು ಯಾರು?

ನನ್ನ ಪರವಾಗಿ ವಾದಿಸುತ್ತೇನೆ ಎಂದು ಬರುವ ಜಾಣರೂ ಇದ್ದಾರೆ. ಅವರು ದೊಡ್ಡ ಹೆಸರುಗಳ ಪಟ್ಟಿ ಬಿಚ್ಚುತ್ತಾರೆ. ಸಿ. ವಿ. ರಾಮನ್ 1907ರಿಂದ ಹತ್ತು ವರ್ಷ ಹಣಕಾಸು ಇಲಾಖೆಯ ಲೆಕ್ಕದ ಅಧಿಕಾರಿ, ಕಚೇರಿಯಾಚೆಯ ಹೊತ್ತಿನಲ್ಲಿ ಪ್ರಯೋಗಶಾಲೆಗೆ ಓಡುತ್ತಿದ್ದವರು. ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ, ಕಡತಗಳ ನಡುವೆ ಕತೆ ಬರೆದವರು. ಬಿ. ಜಿ. ಎಲ್. ಸ್ವಾಮಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, 'ಹಸುರು ಹೊನ್ನು' ಬರೆದರು, ಅದಕ್ಕೆ ತಾವೇ ಚಿತ್ರವನ್ನೂ ಬರೆದರು. "ನೋಡಿ, ನೊಬೆಲ್ ಬಂತು, ಜ್ಞಾನಪೀಠ ಬಂತು, ಅಕಾಡೆಮಿ ಬಂತು!" ಎನ್ನುತ್ತಾರೆ ಜಾಣರು. ಬಂತು, ಸಂತೋಷ. ಆದರೆ ಈ ವಾದ ಸೋದರಮಾವನ ಪ್ರಶ್ನೆಗೇ ಮಣೆ ಹಾಕುತ್ತದೆ. ರಾಮನ್ ಅವರಿಗೆ ನೊಬೆಲ್ ಬರದಿದ್ದರೆ ಆ ಸಂಜೆಗಳು ದಂಡವಾಗುತ್ತಿದ್ದವೇ? ಇವರಂತೆಯೇ ಸಂಜೆಗಳನ್ನು ಕಳೆದು, ಏನೂ ಬಾರದೆ, ನಗುತ್ತಲೇ ತೀರಿಕೊಂಡ ಸಾವಿರಾರು ಜನರ ಬಾಳು ಸೋತ ಬಾಳೇ? ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯ ಮಂದಣ್ಣನನ್ನು ನೆನೆಯಿರಿ. ಊರಿನ ಕಣ್ಣಿಗೆ ಉಂಡಾಡಿ. ಆದರೆ ಕಾಡಿನಲ್ಲಿ ಅವನಷ್ಟು ಸೂಕ್ಷ್ಮವಾಗಿ ನೋಡಬಲ್ಲವರಿಲ್ಲ ಎಂದು ಗುರುತಿಸಲು ಒಬ್ಬ ವಿಜ್ಞಾನಿ ಬರಬೇಕಾಯಿತು. ನಮ್ಮ ಊರುಗಳ ಮಂದಣ್ಣರಿಗೆ ಕರ್ವಾಲೊ ಸಿಗುವುದಿಲ್ಲ. ಸೋದರಮಾವ ಸಿಗುತ್ತಾನೆ.

ಹಾಗಾದರೆ ಹವ್ಯಾಸ ಯಾಕೆ ಬೇಕು? ಅದು ನಮಗೆ ಯಾರೂ ಮಾರ್ಕು ಹಾಕದ ಒಂದೇ ಜಾಗ. ಕೆಲಸದಲ್ಲಿ ತಪ್ಪಿದರೆ ಮೆಮೊ, ಮನೆಯಲ್ಲಿ ತಪ್ಪಿದರೆ ಮುನಿಸು. ಇಲ್ಲಿ ಮಾತ್ರ ತಪ್ಪು ಮಾಡಿ, ಅಳಿಸಿ, ಮತ್ತೆ ಮಾಡಬಹುದು. ಕೆಟ್ಟದಾಗಿ ಹಾಡುವ ಹಕ್ಕು ಇಲ್ಲಿ ಮಾತ್ರ ಇದೆ. ಆ ಹಕ್ಕು ಕಳೆದುಕೊಂಡವನು ತನಗೆ ಬರುವುದನ್ನೇ ಮಾಡುತ್ತ, ಮಾಡಿದ್ದನ್ನೇ ಮಾಡುತ್ತ ಒಣಗುತ್ತಾನೆ. ಸಂಬಳ ನಿಂತ ಮರುದಿನ ಬಾಗಿಲಲ್ಲಿ ಪೇಪರಿಗಾಗಿ ಕಾದು ಕೂರುತ್ತಾನೆ. ಮೂವತ್ತೈದು ವರ್ಷ ದುಡಿದವರು ನಿವೃತ್ತಿಯಾದ ಆರೇ ತಿಂಗಳಲ್ಲಿ ಮಂಕಾಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅವರ ದೇಹಕ್ಕೆ ರೋಗವಿರಲಿಲ್ಲ. ಕೈಗೆ ಕೆಲಸವಿರಲಿಲ್ಲ, ಕಣ್ಣಿಗೆ ಕುತೂಹಲವಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಬಿಡಿಸಿದ್ದನ್ನು ಅರವತ್ತರಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಖಾಲಿ ಬಿಟ್ಟ ಜಾಗವಾದರೂ ಖಾಲಿ ಉಳಿಯಿತೇ? ಫೋನು ಬಂದು ಬೇಲಿ ಹಾಕಿಕೊಂಡಿತು. ಬಸ್ಸಿನ ನಂಬರು ಬರೆಯುವುದು ಟೈಂ ವೇಸ್ಟು ಎಂದ ಸೋದರಮಾವ ಊಟದ ಎಲೆಯ ಮುಂದೆಯೂ ರೀಲ್ಸ್ ಉಜ್ಜುತ್ತಿದ್ದರು, ನಾನೇ ನೋಡಿದೆ.

ಸರ್ಕಾರಕ್ಕೂ ಒಂದು ಮಾತು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಇದೆ. ಓದುವ ಹವ್ಯಾಸಕ್ಕೆಂದು ಜನ ಕೊಟ್ಟ ದುಡ್ಡು ಅದು. ಅದು ಗ್ರಂಥಾಲಯಗಳಿಗೆ ಪೂರ್ತಿ ತಲುಪುತ್ತಿಲ್ಲ ಎಂಬ ದೂರು ಬೆಂಗಳೂರಿಗೆ ಹಳೆಯದು. ಆಟದ ಬಯಲು ಸೈಟಾಗುತ್ತದೆ, ಉಳಿದ ಬಯಲಿಗೆ ಬೀಗ ಬೀಳುತ್ತದೆ, ರಂಗಮಂದಿರದ ಬಾಡಿಗೆ ಹವ್ಯಾಸಿ ತಂಡದ ಕೈಗೆ ಎಟುಕುವುದಿಲ್ಲ. ಹುಡುಗರು ಫೋನಿಗೆ ಅಂಟಿಕೊಂಡಿದ್ದಾರೆ ಎಂದು ವೇದಿಕೆಯಲ್ಲಿ ಮರುಗುವ ಮಂತ್ರಿಗಳೇ, ಫೋನು ಕೆಳಗಿಟ್ಟು ಆ ಹುಡುಗರು ಎಲ್ಲಿಗೆ ಹೋಗಬೇಕು, ಜಾಗ ತೋರಿಸಿ.

ಬದಲಾಗಬೇಕಾದ್ದು ಏನು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಶಾಲೆಗಳು ನುಂಗಿದ ಪಿರಿಯಡ್ಡುಗಳನ್ನು ಕಕ್ಕಲಿ, ಹತ್ತನೇ ಕ್ಲಾಸಿನಲ್ಲೂ. ಆ ಪಿರಿಯಡ್ಡಿಗೆ ಪರೀಕ್ಷೆ, ಅಂಕ, ಬಹುಮಾನ ಯಾವುದೂ ಬೇಡ. ಅಪ್ಪ ಅಮ್ಮಂದಿರು ವಾರದಲ್ಲಿ ಒಂದು ಸಂಜೆಯನ್ನು ಮಕ್ಕಳಿಗೆ ಮರಳಿಸಿ, ಆ ಸಂಜೆಯ ಲೆಕ್ಕ ಕೇಳದಿರಲಿ. ಕಂಪನಿಗಳು ಬಣ್ಣ, ಬ್ರಷ್ಷು ಹಂಚುವುದನ್ನು ನಿಲ್ಲಿಸಿ ನೌಕರರನ್ನು ಆರು ಗಂಟೆಗೆ ಮನೆಗೆ ಕಳಿಸಲಿ, ಬಣ್ಣ ಅವರೇ ಕೊಂಡುಕೊಳ್ಳುತ್ತಾರೆ. ಗಂಡಸರು ದಿನಕ್ಕೆ ಒಂದು ಗಂಟೆ ಅಡುಗೆಮನೆಯನ್ನೂ ಮಗುವನ್ನೂ ವಹಿಸಿಕೊಳ್ಳಲಿ, ಆ ಗಂಟೆಯಲ್ಲಿ ಅವಳು ಏನು ಮಾಡಿದಳು ಎಂದು ಇಣುಕದಿರಲಿ. ಗ್ರಂಥಾಲಯದ ಕರ ಗ್ರಂಥಾಲಯಕ್ಕೇ ಹೋಗಲಿ, ಬಯಲಿನ ಬೀಗ ತೆಗೆಯಲಿ. ಇನ್ನು ನಮ್ಮೆಲ್ಲರ ಪಾಲಿನ ಕೆಲಸ ಬಿಡಿಗಾಸಿನ ಖರ್ಚಿಲ್ಲದ್ದು. ಯಾರಾದರೂ ತಮ್ಮ ನೋಟ್‌ಬುಕ್ ತೆರೆದು ತೋರಿಸಿದಾಗ "ಇದ್ರಿಂದ ಏನು ಬರುತ್ತೆ?" ಎಂಬ ಮಾತು ನಾಲಿಗೆಯ ತುದಿಗೆ ಬಂದರೆ ಅದನ್ನು ಉಗುಳೊಡನೆ ನುಂಗಿ, "ಇದು ಏನು, ಹೇಳು" ಎಂದು ಕೇಳುವುದು.

ಆ ದಿನ ಊಟ ಮುಗಿಸಿ ಬಸ್ ಸ್ಟಾಪಿಗೆ ಬಂದಾಗ ಆ ಹುಡುಗನೂ ಅಪ್ಪನ ಜೊತೆ ಅಲ್ಲೇ ನಿಂತಿದ್ದ. ದೂರದಲ್ಲಿ ಕೆಂಪು ಬಸ್ಸೊಂದು ತಿರುವಿನಲ್ಲಿ ಕಂಡಿತು. ಬೋರ್ಡು ಇನ್ನೂ ನನ್ನ ಕಣ್ಣಿಗೆ ನಿಲುಕಿರಲಿಲ್ಲ. ಹುಡುಗ ಮೆಲ್ಲಗೆ ಡಿಪೋದ ಹೆಸರು ಹೇಳಿದ. ಬಸ್ಸು ಬಂದು ನಿಂತಿತು, ಅವನು ಹೇಳಿದ್ದೇ ಸರಿ. ಅಪ್ಪ ಬಸ್ಸನ್ನೊಮ್ಮೆ, ಮಗನನ್ನೊಮ್ಮೆ ನೋಡಿ, ತಡೆಯಲಾರದೆ ಕೇಳಿಯೇಬಿಟ್ಟರು: "ಅಷ್ಟು ದೂರದಿಂದ ಹೆಂಗೋ ಗೊತ್ತಾಯ್ತು ನಿಂಗೆ?" ಹುಡುಗ ತೊಡೆ ಕೆಳಗೆ ಬಚ್ಚಿಟ್ಟಿದ್ದ ಆ ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆದ. ಟೆಂತಿಗೆ ಇನ್ನೂ ಎರಡು ತಿಂಗಳಿದೆ. ಆ ಅಪ್ಪ ಮನಸ್ಸು ಬದಲಾಯಿಸಲು ಅಷ್ಟು ಸಮಯ ಧಾರಾಳ ಸಾಕು.